ಗೃಹಿಣಿಯ ನಯ



ಹೆಣ್ಣಿನ ನಡೆನುಡಿಯಲ್ಲಿ ನಯವಿರಬೇಕೆಂಬ ಉಪದೇಶವು ನಮ್ಮ ದೇಶದಲ್ಲಿ ಎಂದೂ ಅಪರೂಪದ ಸರಕಾಗಿರಲಿಲ್ಲ. ತಾಯಿ ಮಗಳಿಗೆ, ಅತ್ತೆ ಸೊಸೆಗೆ, ಪುರಾಣಿಕರು ಊರಿಗೆಲ್ಲ ಇದನ್ನು ಹೇಳುತ್ತಲೇ ಬಂದಿದ್ದಾರೆ. ಮೆಲ್ಲಗೆ ನಡೆ, ಮೆಲ್ಲಗೆ ನುಡಿ, ಬಾಗಿಲಲ್ಲಿ ನಿಲ್ಲಬೇಡ, ಗಟ್ಟಿಯಾಗಿ ನಗಬೇಡ, ಎಂಬ ಈ ಪಟ್ಟಿಯನ್ನು ನಾವು ಇನ್ನಷ್ಟು ಉದ್ದಮಾಡಹೊರಟಿಲ್ಲ. ಬೇಡಗಳ ಮೊತ್ತವೇ ನಯವಾಗಿದ್ದ ಪಕ್ಷದಲ್ಲಿ, ಗೋಡೆಗೆ ಒರಗಿಸಿಟ್ಟ ಒನಕೆಗಿಂತ ನಯವಂತರು ಬೇರೆ ಯಾರೂ ಇರಲಾರರು. ನಯವು ಬೆಳೆಯುವುದು ಯಾವ ನೆಲದಲ್ಲಿ, ಅದರ ವೆಚ್ಚವನ್ನು ತೆರುವವರು ಯಾರು ಎಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಮನೆಗಳನ್ನು ಮುಂದಿಟ್ಟುಕೊಂಡು ಸ್ವಲ್ಪ ವಿಚಾರಮಾಡೋಣ. ಆ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಪಟ್ಟಣಿಗರಾದ ನಾವು ಅಲ್ಲಿಗೆ ಹೋಗಿಬಂದಾಗಲೆಲ್ಲ ಅಲ್ಲಿಯ ಗೃಹಿಣಿಯರ ಉಪಚಾರವನ್ನು ವಾರಗಟ್ಟಲೆ ಹೊಗಳುತ್ತೇವೆ. ಆ ಹೊಗಳಿಕೆಯಿಂದ ಮುಂದಕ್ಕೆ ನಮ್ಮ ಯೋಚನೆ ಹೋಗುವುದಿಲ್ಲ.

ಬಯಲುಸೀಮೆಯ ಊರೆಂದರೆ ಮನೆಗೆ ಮನೆ ತಾಗಿದ ಬೀದಿ. ಈ ಮೂರು ತಾಲ್ಲೂಕುಗಳಲ್ಲಿ ಹಾಗಲ್ಲ. ಅಡಕೆತೋಟದ ತಲೆಯಲ್ಲಿ ಒಂದು ಮನೆ. ಗದ್ದೆ ದಾಟಿ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ರಸ್ತೆಯೂ ಮೋಟಾರೂ ಇಲ್ಲದಿದ್ದ ಕಾಲದಲ್ಲಿ ಆಷಾಢದ ಮಳೆಯೊಳಗೆ ಹಳ್ಳದ ಸಂಕ ದಾಟಿ ಬಂದವನಿಗೆ ಆ ಒಂದು ಮನೆಯೇ ಛತ್ರ, ಆ ಮನೆಯೇ ಆಸ್ಪತ್ರೆ. ಅವನನ್ನು ಹಿಂದಕ್ಕೆ ಕಳುಹಿಸುವುದೆಂದರೆ ಕಾಡಿಗೆ ಕಳುಹಿಸುವುದೆಂದೇ ಅರ್ಥ. ಆದುದರಿಂದ ಅಲ್ಲಿ ಉಪಚಾರವು ಅಲಂಕಾರವಾಗಿ ಹುಟ್ಟಿದುದಲ್ಲ, ಅವಶ್ಯಕತೆಯಾಗಿ ಹುಟ್ಟಿ ಕ್ರಮೇಣ ಅಲಂಕಾರವಾಯಿತು.

ಆ ಉಪಚಾರದ ಕ್ರಮವನ್ನು ಗಮನಿಸಬೇಕು. ಮೊದಲು ಕಾಲಿಗೆ ನೀರು, ಅನಂತರ ಜಗಲಿಯಲ್ಲಿ ಚಾಪೆ, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಒಳಗಿನಿಂದ ಬರುವ ಪ್ರಶ್ನೆ: ಆಸರಿಗೆ ಏನಾಗಬಹುದು? ಪಟ್ಟಣದ ನಾವು ಕೇಳುವುದು, ಕಾಫಿ ಕುಡಿಯುತ್ತೀರಾ ಎಂದು. ಈ ಎರಡು ಪ್ರಶ್ನೆಗಳ ನಡುವಣ ಅಂತರ ಸಣ್ಣದಲ್ಲ. ನಮ್ಮ ಪ್ರಶ್ನೆಗೆ ಸಂಕೋಚದ ಅತಿಥಿ ಬೇಡವೆಂದೇ ಹೇಳಬೇಕಾಗುತ್ತದೆ. ಮಲೆನಾಡಿನ ಪ್ರಶ್ನೆಯಲ್ಲಿ ಕೊಡುವುದು ಆಗಲೇ ನಿಶ್ಚಯವಾಗಿಹೋಗಿದೆ, ಯಾವುದೆಂಬುದಷ್ಟೇ ಅತಿಥಿಯ ಪಾಲಿಗೆ ಉಳಿದಿದೆ. ಬಂದ ಕಾರ್ಯವೇನೆಂದು ಯಾರೂ ಒಡನೆ ಕೇಳುವುದಿಲ್ಲ. ಸಾಲ ಕೇಳಲು ಬಂದವನೂ, ಸಾವಿನ ಸುದ್ದಿ ತಂದವನೂ ಮೊದಲು ಉಸಿರು ಹಿಂದಕ್ಕೆ ಪಡೆಯಲಿ ಎಂದು. ಇಷ್ಟನ್ನು ನಡೆಸುವಾಕೆ ಪುಸ್ತಕ ನೋಡಿ ಕಲಿತವಳಲ್ಲ. ಎದುರಿಗಿರುವವನ ಮುಖವನ್ನು ನೋಡಿ ಕಲಿತವಳು. ನಯವೆಂದು ನಾವು ಕರೆಯುವುದು ಈ ನೋಟವನ್ನೇ.

ಲಾವಣ್ಯವೆಂಬ ಪದವನ್ನು ನಮ್ಮ ಕವಿಗಳು ಬಳಸಿ ಬಳಸಿ ಸವೆಯಿಸಿದ್ದಾರೆ. ಅದು ಲವಣದಿಂದ, ಎಂದರೆ ಉಪ್ಪಿನಿಂದ, ಬಂದ ಮಾತು. ಊಟದ ಎಲೆಯ ಎಡತುದಿಯಲ್ಲಿ ಚಿಟಿಕೆಯಷ್ಟು ಬಡಿಸುವ ಉಪ್ಪನ್ನು ಯಾರೂ ಹೊಗಳಿ ಉಣ್ಣುವುದಿಲ್ಲ. ಇಲ್ಲದಿದ್ದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ, ಹೆಚ್ಚಾದರೆ ಇನ್ನೂ ಬೇಗ ತಿಳಿಯುತ್ತದೆ. ಸೀರೆಯ ನಿರಿಗೆಯನ್ನು ಗಳಿಗೆಗೊಮ್ಮೆ ತಿದ್ದಿಕೊಳ್ಳುವುದೂ, ಬೇಡದ ಕಡೆ ಮೃದುಹಾಸ ಬೀರುವುದೂ ಉಪ್ಪು ಹೆಚ್ಚಾದ ಅಡುಗೆಯ ಜಾತಿಗೆ ಸೇರಿದವು.

ದೇಹದ ನಿಲುವೂ ಕೆಲಸದಿಂದಲೇ ಬರತಕ್ಕದ್ದು. ಬೆನ್ನ ಮೇಲೆ ಗೊರಬು ಹೊದ್ದು ಸುರಿವ ಮಳೆಯಲ್ಲಿ ಸಸಿ ನೆಡುವ ಹೆಂಗಸರ ಸಾಲನ್ನು ನೋಡಿದವರು ಬಲ್ಲರು: ಎಲ್ಲರ ಕೈಯೂ ಒಂದೇ ಲಯದಲ್ಲಿ ನೀರಿಗಿಳಿದೇಳುತ್ತದೆ, ಒಂದು ಹೆಜ್ಜೆಯೂ ಸಸಿಯ ಮೇಲೆ ಬೀಳುವುದಿಲ್ಲ. ಅಡಕೆ ಸುಲಿಯುವ ಇರುಳುಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವಳು ಹರಿತವಾದ ಅಲಗಿನ ಮೇಲೆ ಕಾಯನ್ನು ತಿರುಗಿಸುತ್ತ, ಪಕ್ಕದವಳ ಕಷ್ಟಸುಖ ಕೇಳುತ್ತ, ಅಳುವ ಮಗುವಿಗೆ ಕತೆ ಹೇಳುತ್ತ ಇರುತ್ತಿದ್ದಳು, ಬೆರಳು ತಪ್ಪುತ್ತಿರಲಿಲ್ಲ. ಈಗ ಬಹುಕಡೆ ಸುಲಿಯುವ ಯಂತ್ರ ಬಂದಿದೆ, ಬಂದುದು ಒಳ್ಳೆಯದೇ. ಆದರೆ ನಿಲುವಿನ ಪಾಠಕ್ಕೆ ತಲೆಯ ಮೇಲೆ ಪುಸ್ತಕವಿಟ್ಟು ನಡೆಯಿಸುವ ಪಟ್ಟಣದ ಶಿಕ್ಷಣವನ್ನು ಕಂಡಾಗಲೆಲ್ಲ ನಮಗೆ ಆ ಮೆಟ್ಟುಗತ್ತಿಯ ನೆನಪಾಗುವುದುಂಟು.

ಇಷ್ಟರಿಂದ ನಯವೆಂದರೆ ದುಡಿಮೆಯೂ ತಾಳ್ಮೆಯೂ ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ಅರ್ಧಸತ್ಯ. ಉಳಿದ ಅರ್ಧವನ್ನು ತಿಳಿಯಲು ಶೃಂಗೇರಿಗೇ ಹೋಗಬೇಕು. ಅಲ್ಲಿಯ ಶಾರದೆಯು ಮಂಡನಮಿಶ್ರರ ಪತ್ನಿಯಾಗಿದ್ದ ಉಭಯಭಾರತಿಯೇ ಎಂಬುದು ಸಂಪ್ರದಾಯದ ನಂಬುಗೆ. ಶಂಕರಾಚಾರ್ಯರಿಗೂ ಮಂಡನರಿಗೂ ವಾದ ನಡೆಯಿತು. ಸೋತವನು ಗೆದ್ದವನ ಆಶ್ರಮವನ್ನು ಸ್ವೀಕರಿಸಬೇಕೆಂಬುದು ಪಣ. ತೀರ್ಪು ಹೇಳಲು ಇಬ್ಬರೂ ಒಪ್ಪಿದ್ದು ಉಭಯಭಾರತಿಯನ್ನು. ಆಕೆ ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುವುದೋ ಅವರು ಸೋತಂತೆ ಎಂದು ಹೇಳಿ ಮನೆಗೆಲಸಕ್ಕೆ ಒಳಗೆ ಹೋದಳೆಂದು ಶಂಕರವಿಜಯದ ಕತೆ. ದಿನವೂ ಮಧ್ಯಾಹ್ನ ಹೊರಗೆ ಬಂದು ಪತಿಯನ್ನು ಊಟಕ್ಕೂ, ಯತಿಯನ್ನು ಭಿಕ್ಷೆಗೂ ಕರೆಯುವಳು. ಕೊನೆಗೊಂದು ದಿನ ಪತಿಯ ಮಾಲೆ ಬಾಡಿತು. ಆ ಮಧ್ಯಾಹ್ನ ಆಕೆ ಹೊರಗೆ ಬಂದು ಇಬ್ಬರನ್ನೂ ಭಿಕ್ಷೆಗೆ ಕರೆದಳು.

ಆ ಒಂದು ಕರೆಯಲ್ಲಿ ಏನೆಲ್ಲ ಅಡಗಿದೆ! ಗಂಡನು ಸೋತನೆಂಬ ತೀರ್ಪು, ಅವನು ಇನ್ನು ಸಂನ್ಯಾಸಿಯೆಂಬ ಒಪ್ಪಿಗೆ, ತನ್ನ ಸಂಸಾರ ಮುಗಿಯಿತೆಂಬ ಅರಿವು. ಧ್ವನಿ ಏರಿಲ್ಲ, ಅಳುವಿಲ್ಲ, ಸೋತವನ ಮಾನಕ್ಕೆ ಕುಂದಿಲ್ಲ, ಸತ್ಯಕ್ಕೂ ಕುಂದಿಲ್ಲ. ಇದಾದ ಮೇಲೆ ಆಕೆ ಸುಮ್ಮನೆ ಒಳಗೆ ಹೋಗಲೂ ಇಲ್ಲ. ಪತಿಯ ಅರ್ಧಾಂಗಿಯಾದ ತನ್ನನ್ನು ಗೆಲ್ಲದೆ ಗೆಲುವು ಪೂರ್ತಿಯಾಗದೆಂದು ಆಚಾರ್ಯರನ್ನೇ ವಾದಕ್ಕೆ ಕರೆದಳು. ನಮ್ಮ ಹೆಣ್ಣುಮಕ್ಕಳಿಗೆ ಗಾಂಭೀರ್ಯದ ಪಾಠ ಹೇಳುವವರು ಈ ಕತೆಯ ಹೂಮಾಲೆಯನ್ನೂ ಅಡುಗೆಯನ್ನೂ ನೆನೆಯುತ್ತಾರೆ. ತೀರ್ಪನ್ನೂ ವಾದವನ್ನೂ ಮರೆಯುತ್ತಾರೆ. ಮಾಲೆಯ ಮಾತು ಬಂದುದರಿಂದ ಇನ್ನೊಂದು ಮಾತು. ಹಿಂದೆ ಎಡೇಹಳ್ಳಿಯಾಗಿದ್ದು 1915ರಲ್ಲಿ ಯುವರಾಜರ ಹೆಸರು ಪಡೆದ ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಜೈನರು ಪೂಜಿಸುವ ಯಕ್ಷಿಯು ಜ್ವಾಲಾಮಾಲಿನಿ, ಉರಿಯನ್ನೇ ಮಾಲೆಯಾಗಿ ಧರಿಸಿದವಳು. ಆ ಮಾಲೆ ಬಾಡುವಂಥದಲ್ಲ.

ನಯಕ್ಕೆ ಶತ್ರುವಾಗಿ ಒರಟುತನವನ್ನು ಎಲ್ಲರೂ ಹೇಳುವರು. ನಮಗೆ ತೋರುವಂತೆ ದಾಕ್ಷಿಣ್ಯವೇ ಅದಕ್ಕಿಂತ ದೊಡ್ಡ ಶತ್ರು. ಸಂಸ್ಕೃತದಲ್ಲಿ ಆ ಪದಕ್ಕೆ ಚಾತುರ್ಯ, ಸೌಜನ್ಯ ಎಂಬ ಅರ್ಥಗಳಿವೆ. ಕನ್ನಡದ ಮನೆಗಳಲ್ಲಿ ಅದು ಇಲ್ಲವೆನ್ನಲಾರದ ನಾಚಿಕೆಯಾಗಿ ಇಳಿದಿದೆ. ದಾಕ್ಷಿಣ್ಯದ ವಿಷಯದಲ್ಲಿ ನಮ್ಮಲ್ಲಿ ಒಂದು ಗಾದೆಯುಂಟು. ಅದು ಬಾನುಲಿಯಲ್ಲಿ ಹೇಳತಕ್ಕದ್ದಲ್ಲ, ಶ್ರೋತೃಗಳು ತಾವಾಗಿಯೇ ನೆನೆದುಕೊಳ್ಳಬಹುದು. ಜ್ವರವಿದ್ದರೂ ಹತ್ತು ಜನಕ್ಕೆ ರೊಟ್ಟಿ ತಟ್ಟುವವಳನ್ನು ನಾವು ಸುಶೀಲೆಯೆನ್ನುತ್ತೇವೆ. ಇಂದು ಆಗದು, ನಾಳೆ ಮಾಡಿಕೊಡುತ್ತೇನೆ ಎಂದು ನಗುಮುಖದಿಂದ ಹೇಳಬಲ್ಲವಳೇ ಹೆಚ್ಚು ನಯವಂತೆ. ಏಕೆಂದರೆ ಮೊದಲನೆಯವಳ ರೊಟ್ಟಿಯೊಡನೆ ಆಕೆಯ ಮೌನದ ಸಿಟ್ಟೂ ಎಲೆಗೆ ಬೀಳುತ್ತದೆ.

ಈಗ ವೆಚ್ಚದ ಮಾತು. ಆ ಮನೆಗಳಲ್ಲಿ ಬಹುಕಾಲ ಗೃಹಿಣಿಯು ಎಲ್ಲರ ಕೊನೆಗೆ ಉಂಡವಳು. ತಂಬುಳಿ ತಳ ಕಂಡ ಮೇಲೆ, ಹಪ್ಪಳ ಮುಗಿದ ಮೇಲೆ, ಗಂಟೆ ಮೂರಾದ ಮೇಲೆ. ಅವಳ ಮಗಳು ಇದನ್ನು ನೋಡುತ್ತ ಬೆಳೆದಳು. ಆ ಮಗಳನ್ನೇ ಅಕ್ಷರಾಭ್ಯಾಸಕ್ಕೆಂದು ಶಾರದೆಯ ಸನ್ನಿಧಿಗೆ ಕರೆದೊಯ್ದು, ಅಕ್ಕಿಯಲ್ಲಿ ಬೆರಳು ಹಿಡಿದು ಬರೆಯಿಸಿದರು. ಓದಿದಳು, ಬೆಂಗಳೂರಿಗೆ ಹೋದಳು, ಸಂಬಳ ತಂದಳು. ತೋಟವಿರುವ, ಮನೆಯಿರುವ, ದುಶ್ಚಟವಿಲ್ಲದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವೆಂದು ಇಂದು ಮಲೆನಾಡಿನ ಅಡಕೆ ಬೆಳೆಗಾರರ ಮನೆಗಳಲ್ಲಿ ಕೇಳಿಬರುವ ಕೊರಗು ಸುಳ್ಳಲ್ಲ. ಹುಡುಗಿಯರಿಗೆ ನಯವಿಲ್ಲ, ಹಳ್ಳಿಯ ಬಾಳಿಗೆ ಹೊಂದಿಕೊಳ್ಳರು ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ಆ ಹುಡುಗಿಯರು ನಿರಾಕರಿಸಿದ್ದು ಮಲೆಯನ್ನೋ, ಮಳೆಯನ್ನೋ, ಅಥವಾ ಮೂರು ಗಂಟೆಯ ಊಟವನ್ನೋ ಎಂಬುದನ್ನು ಮಾತ್ರ ಯಾರೂ ಅವರನ್ನು ಕೇಳಿದಂತಿಲ್ಲ. ಇತ್ತೀಚೆಗೆ ಅದೇ ಮನೆಗಳಲ್ಲಿ ಹೋಂಸ್ಟೇ ನಡೆಸಿ, ಅದೇ ಕಡುಬು, ಅದೇ ಪತ್ರೊಡೆಗೆ ಬೆಲೆ ಕಟ್ಟಿ ಲೆಕ್ಕ ಬರೆಯುವ ಗೃಹಿಣಿಯರಿದ್ದಾರೆ. ಆತಿಥ್ಯವನ್ನು ಮಾರುವುದೇ ಎಂದು ಮೂಗು ಮುರಿಯುವವರೂ ಇದ್ದಾರೆ. ನಾವು ಆ ಗುಂಪಿಗೆ ಸೇರೆವು. ಬೆಲೆಯಿಲ್ಲದ್ದೆಂದು ಎಲ್ಲರೂ ಮರೆತಿದ್ದ ದುಡಿಮೆಗೆ ಬೆಲೆಯುಂಟೆಂದು ಮೊದಲ ಬಾರಿಗೆ ಆ ಲೆಕ್ಕದ ಪುಸ್ತಕದಲ್ಲಿ ಕಾಣಿಸಿಕೊಂಡಿದೆ.

ನಯವು ಹೆಣ್ಣಿಗೆ ಮಾತ್ರ ಸಾಧ್ಯವಾದ ಗುಣವೆಂಬ ಮಾತನ್ನು ಕೊಪ್ಪದವರೇ ಒಪ್ಪಲಾರರು. ಅಲ್ಲಿ ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿ, 2020ರಲ್ಲಿ ನಿಂತುಹೋದ ಸಹಕಾರ ಸಾರಿಗೆಯ ಬಸ್ಸುಗಳನ್ನು ಆ ಸೀಮೆಯ ಜನ ಇಂದಿಗೂ ಬಂಧುಗಳಂತೆ ನೆನೆಯುತ್ತಾರೆ. ಇನ್ನು ಮದುವೆಮನೆಯ ಪಂಕ್ತಿಯನ್ನು ನೋಡಿ. ಪಂಚೆ ಮೇಲೆತ್ತಿ ಕಟ್ಟಿ, ಬಕೆಟ್ಟು ಹಿಡಿದು ಬಡಿಸುವವರು ಗಂಡಸರೇ. ಯಾರ ಎಲೆಯಲ್ಲಿ ಸಾರು ಮುಗಿಯಿತು, ಮುದುಕರಿಗೆ ಅನ್ನ ಮೆತ್ತಗಿರಬೇಕೆ, ಮಗುವಿಗೆ ಖಾರವಾಯಿತೆ ಎಂಬುದೆಲ್ಲ ಅವರ ಕಣ್ಣಿಗೆ ಬೀಳುತ್ತದೆ. ಬೇಡವೆಂದು ಅಡ್ಡ ಹಿಡಿದ ಕೈಯ ಸಂದಿನಿಂದಲೇ ಹೋಳಿಗೆ ಜಾರಿಸುವ ಚಾತುರ್ಯವೂ ಅವರಿಗುಂಟು. ಮಾರನೆಯ ದಿನ ತಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಅದೇ ಮಹನೀಯರು, ಉಪ್ಪಿನ ಮರಿಗೆ ಎಲ್ಲಿದೆಯೆಂದು ಒಳಕ್ಕೆ ಕೂಗಿ ಕೇಳುತ್ತಾರೆ.