ಹನ್ನೆರಡು ಅಂದ್ರೆ ಎಷ್ಟು?

ಒಂದು ಲಕ್ಷ ರೂಪಾಯಿ ಸಾಲ. 'ಫ್ಲಾಟ್ 12 ಪರ್ಸೆಂಟ್ ಸಾರ್, ಒಂದೇ ವರ್ಷ' ಅಂತಾನೆ ಫೈನಾನ್ಸ್‌ನವನು. ಬಡ್ಡಿ 12,000. ತಿಂಗಳಿಗೆ 9,333 ರೂಪಾಯಿ ಕಂತು. ಲೆಕ್ಕ ಸರಿಯಾಗೇ ಇದೆಯಲ್ಲ ಅನ್ನಿಸುತ್ತೆ.

ನಾನು ಕೇಳೋದು ಇಷ್ಟೇ ವೀಕ್ಷಕರೇ, ಆ ಲಕ್ಷ ವರ್ಷಪೂರ್ತಿ ನಿಮ್ಮ ಹತ್ತಿರ ಇರುತ್ತಾ? ಮೊದಲ ಕಂತಿನಿಂದಲೇ ಅಸಲು ಕರಗುತ್ತಾ ಬರುತ್ತೆ. ಆರು ಕಂತು ಕಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ವಾಪಸ್ ಹೋಗಿರುತ್ತೆ. ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಲಕ್ಷಕ್ಕೆ! ಬಾಕಿ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿ ನೋಡಿ, ಇದು 12 ಅಲ್ಲ ಸ್ವಾಮಿ, ಸುಮಾರು 21.5 ಪರ್ಸೆಂಟ್. ಪ್ರೊಸೆಸಿಂಗ್ ಫೀ ಬೇರೆ.

ಅದೇ ಲಕ್ಷಕ್ಕೆ ಬ್ಯಾಂಕಿನವರು 14 ಪರ್ಸೆಂಟ್ ಅಂದ್ರು ಅಂತಿಟ್ಕೊಳ್ಳಿ, ಬಾಕಿ ಅಸಲಿಗಷ್ಟೇ ಬಡ್ಡಿ. ವರ್ಷಕ್ಕೆ ಸುಮಾರು 7,750 ರೂಪಾಯಿ. 'ಅಯ್ಯೋ, ಹದಿನಾಲ್ಕು ಜಾಸ್ತಿಯಾಯ್ತು' ಅಂತ ಅಲ್ಲಿಂದ ಎದ್ದು ಬಂದು ಹನ್ನೆರಡರ ಬಲೆಗೆ ಬೀಳೋರು ನಮ್ಮಲ್ಲಿ ಕಮ್ಮಿಯಿಲ್ಲ. ಕೊನೆಗೆ ಆ ಕಂತು ಕಟ್ಟೋಕೆ ನಿವೃತ್ತಿಗೆ ಅಂತ ಇಟ್ಟ ಪಿಎಫ್‌ಗೆ ಕೈ ಹಾಕ್ತಾರೆ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದಿದೆ. ಬ್ಯಾಂಕಾಗಲಿ, ಎನ್‌ಬಿಎಫ್‌ಸಿಯಾಗಲಿ, ಹೊಸ ರಿಟೇಲ್ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಅದರಲ್ಲಿ ಫೀಸೂ ಸೇರಿಸಿದ ನಿಜವಾದ ವಾರ್ಷಿಕ ದರ, ಎಪಿಆರ್, ಇರಬೇಕು. ಅದೂ ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ. ಕನ್ನಡದಲ್ಲೇ ಕೊಡಿ ಅಂತ ಕೇಳಿ, ಸಂಕೋಚ ಯಾಕೆ? ಓದಿ ಒಪ್ಪೋಕೆ ಕನಿಷ್ಠ ಮೂರು ಕೆಲಸದ ದಿನ ಟೈಮೂ ಇದೆ. 'ಇವತ್ತೇ ಸೈನ್ ಹಾಕಿ, ನಾಳೆ ಈ ಆಫರ್ ಇರಲ್ಲ' ಅನ್ನೋನಿಗೆ ಆ ಮೂರು ದಿನದ ವಿಷಯ ನೀವೇ ಹೇಳಿ.