ಅಂಗಾಲಿನ ಉರಿಗೆ ಕ್ಯಾಲ್ಸಿಯಂ ಮಾತ್ರೆಯೇ?
(ಸಂಘದ ವೈದ್ಯಕೀಯ ನೆರವು ನಿಧಿ ಸಭೆಯಲ್ಲಿ ಆಡಿದ ಮಾತುಗಳು)



ನಿಧಿಗೆ ಬರುವ ಅರ್ಜಿಗಳನ್ನು ನೋಡುವ ವೈದ್ಯ ನಾನು. ಕಳೆದ ತಿಂಗಳು ಪಿಂಪ್ರಿಯಿಂದ ಒಬ್ಬರು ಬಂದಿದ್ದರು. ವಿಜಾಪುರದ ಕಡೆಯವರು, ಸೆಕ್ಯುರಿಟಿ ಕೆಲಸ, ದಿನಕ್ಕೆ 12 ತಾಸು ನಿಲ್ಲಬೇಕು. ಸಕ್ಕರೆ ಕಾಯಿಲೆ ಹಳೆಯದು. “ರಾತ್ರಿ ಅಂಗಾಲು ಬೆಂಕಿ ಹಚ್ಚಿದಂಗ ಉರಿತೈತ್ರಿ ಡಾಕ್ಟ್ರೇ, ಹೊದಿಕಿ ತಾಗಿದ್ರೂ ತಡಕೊಳ್ಳಾಕ ಆಗಂಗಿಲ್ಲ” ಎಂದರು. ಚೀಲದ ತುಂಬ ಕ್ಯಾಲ್ಸಿಯಂ ಮಾತ್ರೆಯ ಖಾಲಿ ಪಟ್ಟಿಗಳು. ನರಕ್ಕೆ ಕ್ಯಾಲ್ಸಿಯಂ ಬೇಕು ಎಂದು ಯಾರೋ ಹೇಳಿದ್ದರಂತೆ.

ಹೇಳಿದ್ದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ರಕ್ತದಲ್ಲಿ ಕ್ಯಾಲ್ಸಿಯಂ ತೀರ ಇಳಿದರೆ ತುಟಿ, ಬೆರಳು ಜುಮ್ಮೆನ್ನುತ್ತವೆ. ಥೈರಾಯ್ಡ್ ಆಪರೇಷನ್ ಆದ ಕೆಲವರಲ್ಲಿ ಕಾಣುತ್ತೇವೆ. ಇವರ ರಕ್ತದಲ್ಲಿ ಅದು ಸರಿಯಾಗಿಯೇ ಇತ್ತು. ಲೆಕ್ಕ ತಪ್ಪುವುದು ನರಕೋಶದ ಒಳಗೆ.

ಕಾಲಿನ ನೋವು ತಿಳಿಸುವ ಕೋಶದ ಒಡಲು ಬೆನ್ನುಹುರಿಯ ಪಕ್ಕದಲ್ಲಿದೆ. ಅದರ ಎಳೆ ಸುಮಾರು ಒಂದು ಮೀಟರ್ ಉದ್ದ, ಕಾಲ್ಬೆರಳವರೆಗೆ. ಸುಮ್ಮನಿರುವ ಕೋಶದೊಳಗೆ ಬಿಡಿಯಾಗಿರುವ ಕ್ಯಾಲ್ಸಿಯಂ ಹೊರಗಿನದರ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ನರ ಮಿಡಿದಾಗ ಒಂದಿಷ್ಟು ಒಳನುಗ್ಗಿ ಪೊಟ್ಯಾಸಿಯಂ ಬಾಗಿಲುಗಳನ್ನು ತೆರೆಸುತ್ತದೆ. ಪೊಟ್ಯಾಸಿಯಂ ಹೊರಹೋದಂತೆ ಕೋಶ ಶಾಂತವಾಗುತ್ತದೆ. ಇಲ್ಲಿ ಕ್ಯಾಲ್ಸಿಯಂ ಬ್ರೇಕು. ಆದರೆ ‘ಟಿ’ ಬಗೆಯ ಬಾಗಿಲಿನಿಂದ ಬಂದಾಗ ಅದೇ ಕ್ಯಾಲ್ಸಿಯಂ ಕೋಶವನ್ನು ಮತ್ತೆ ಮತ್ತೆ ಮಿಡಿಯಲು ದೂಡುತ್ತದೆ. ಮಧುಮೇಹ ಬರಿಸಿದ ಇಲಿಗಳಲ್ಲಿ ಈ ಬಾಗಿಲಿನ ಹರಿವು ಹೆಚ್ಚಿದ್ದು ಕಂಡುಬಂದಿದೆ. ಕಾತ್ರಜ್ ಘಾಟು ಇಳಿಯುವ ಲಾರಿಗೆ ಬ್ರೇಕು ಸಡಿಲವಾದ ಹಾಗೆ; ಹೊದಿಕೆ ತಾಗಿದರೂ ಮಿದುಳಿಗೆ ಬೆಂಕಿಯ ಸುದ್ದಿ!

ಮಾತ್ರೆ ನುಂಗಿ ಇದನ್ನು ಸರಿಪಡಿಸಲಾಗದು. ಪ್ರಿಗ್ಯಾಬಾಲಿನ್, ಗ್ಯಾಬಾಪೆಂಟಿನ್ ಎಂಬ ಔಷಧಿಗಳು ನರದ ತುದಿಯ ಕ್ಯಾಲ್ಸಿಯಂ ಬಾಗಿಲಿಗೇ ಅಂಟಿಕೊಂಡು ಒಳಹರಿವನ್ನು ತಗ್ಗಿಸುತ್ತವೆ. ಮಂಪರು ತರುತ್ತವೆ, ಆದ್ದರಿಂದ ನೀವೇ ಕೊಂಡು ತಿನ್ನಬೇಡಿ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರು ಬಿ12 ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಹತೋಟಿಯಂತೂ ಬೇಕೇ ಬೇಕು.

ಇನ್ನೊಂದು ಮಾತು. ಉರಿ ತಾನಾಗಿ ನಿಂತರೆ ಗುಣವಾಯಿತೆಂದು ಸುಮ್ಮನಾಗಬೇಡಿ. ನರವೇ ಸತ್ತಿರಬಹುದು. ಆಗ ಮೊಳೆ ಚುಚ್ಚಿದರೂ ತಿಳಿಯದು. ಹುಣ್ಣಾಗಿ ಕಾಲು ತೆಗೆಯುವವರೆಗೂ ಹೋಗುತ್ತದೆ. ಇದನ್ನು ಮೊದಲೇ ಹಿಡಿಯಲು 10 ಗ್ರಾಂ ಒತ್ತುವ ಒಂದು ನೈಲಾನ್ ಎಳೆ, 128 ಹರ್ಟ್ಸ್‌ನ ಒಂದು ಶ್ರುತಿಕವೆ ಸಾಕು. ನಮ್ಮ ಶಿಬಿರಕ್ಕೆ ಇವೆರಡನ್ನೂ ಕೊಳ್ಳಬೇಕಿದೆ.

ಆ ಪಿಂಪ್ರಿಯವರ ಅರ್ಜಿ ಇಲ್ಲೇ ಮೇಜಿನ ಮೇಲಿದೆ. ಆರು ತಿಂಗಳ ಔಷಧಿ, ಒಂದು ಜೊತೆ ಮೆತ್ತನೆಯ ಎಂಸಿಆರ್ ಚಪ್ಪಲಿ. ಕೇಳಿರುವುದು ಇಷ್ಟೇ.