ಗಡಿಗೆಗೆ ಬೇಕಾದ ತೂತು ಕೆಪಾಸಿಟರಿಗೆ ಬ್ಯಾಡ

ನಾನು ರಾಮದುರ್ಗ ತಾಲ್ಲೂಕಿನ ಸುರೇಬಾನದಾಂವ. ನಮ್ಮ ಕಡೆ ಬ್ಯಾಸಗಿ ಬಂದು ಫ್ಯಾನ್ ನಿಧಾನ ಆತಂದ್ರ, ರಿಪೇರಿಯವ ನೋಡಿ "ಕಂಡೆನ್ಸರ್ ಹೋಗೇತ್ರಿ" ಅಂತಾನ, ಹೊಸದು ಹಾಕ್ತಾನ. ಇವತ್ತು ಆ ಸಣ್ಣ ಡಬ್ಬಿಯಿಂದಲೇ ಶುರು ಮಾಡೋಣ.

ಅದರೊಳಗಿರೋದು ಲೋಹದ ಲೇಪ ಇರೋ ಪಾಲಿಪ್ರೊಪಿಲೀನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ. 2.5 ಮೈಕ್ರೊಫ್ಯಾರಡ್ ಕೆಪಾಸಿಟರ್ 325 ವೋಲ್ಟಿನಲ್ಲಿ ಹಿಡಿಯುವ ಶಕ್ತಿ ಸುಮಾರು 0.13 ಜೂಲ್. ಗಡಿಯಾರದ ಸೆಲ್ಲಿನಲ್ಲೇ ಸಾವಿರಾರು ಜೂಲ್ ಇರತೈತಿ. ಆದರೆ ಕೆಪಾಸಿಟರ್ ಕಣ್ಣು ಮಿಟುಕಿಸೋದರೊಳಗ ತುಂಬಿ ಖಾಲಿಯಾಗಬಲ್ಲದು; ಸೆಲ್ಲಿಗೆ ಆ ವೇಗವಿಲ್ಲ. ಎಲೆಕ್ಟ್ರಿಕ್ ಕಾರಿನ ಇನ್ವರ್ಟರಿಗೆ ಬೇಕಾದ್ದು ಇದೇ ಗುಣ. ತೊಂದರೆ ಏನಂದ್ರ, ಈ ಪ್ಲಾಸ್ಟಿಕ್ 105 ಡಿಗ್ರಿ ಆಸುಪಾಸಿನಲ್ಲೇ ಸೋಲುತ್ತದೆ. ಸೆರಾಮಿಕ್ ಆದರೋ ಸಾವಿರ ಡಿಗ್ರಿ ಮೇಲೆ ಸುಟ್ಟು ಮಾಡಿದ ವಸ್ತು.

ಇನ್ನೊಂದು ಆಸೆಯೂ ಐತಿ. ಚಾರ್ಜ್ ಹಿಡಿಯುವ ಗುಣವನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಹೇಳುತ್ತದೆ. ಪಾಲಿಪ್ರೊಪಿಲೀನಿಗೆ ಅದು ಬರೀ 2.2. ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ಕಿಗೆ 2,000 ಅಂತ ಇಟ್ಕೊಳ್ರಿ. 900 ಪಟ್ಟು! ಹಂಗಂದ್ರ ಸೆರಾಮಿಕ್ ಗೆದ್ದಂಗಲ್ಲ? ಇಲ್ಲ್ರಿ. ಶಕ್ತಿ ಏರೋದು ವೋಲ್ಟೇಜಿನ ವರ್ಗದ ಲೆಕ್ಕದಾಗ. ಒಳ್ಳೆ ಪ್ಲಾಸ್ಟಿಕ್ ಹಾಳೆ ಒಂದು ಮೈಕ್ರಾನ್ ದಪ್ಪಕ್ಕೆ 600 ವೋಲ್ಟ್ ತಡೀತೈತಿ, ಸಾಮಾನ್ಯ ಸೆರಾಮಿಕ್ ಬಿಲ್ಲೆ ಹತ್ತರ ಆಸುಪಾಸು. 60 ಪಟ್ಟು ವ್ಯತ್ಯಾಸ, ಅದರ ವರ್ಗ 3,600. ಅಲ್ಲಿಗೆ ಪ್ಲಾಸ್ಟಿಕ್ಕೇ ಮುಂದೆ.

ಸೆರಾಮಿಕ್ ಯಾಕ ತಡೆಯೋದಿಲ್ಲ? ಮಣ್ಣಿನ ಗಡಿಗೆ ನೆನಪು ಮಾಡ್ಕೊಳ್ರಿ. ಅದರ ಸಣ್ಣ ತೂತಿನಿಂದ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಂಪು. ಅಂಥಾ ತೂತು ಕೆಪಾಸಿಟರಿನಾಗ ಉಳಿದರ ಅಲ್ಲಿನ ಗಾಳಿಯೊಳಗ ಕಿಡಿ ಹತ್ತಿ ಬಿಲ್ಲೆ ಸೀಳತೈತಿ. ತೂತು ಮುಚ್ಚಲು ಹೆಚ್ಚು ಸುಟ್ಟರೆ ಒಳಗಿನ ಕಣಗಳು ದಪ್ಪಗಾಗುತ್ತವೆ. ಕಣ ದಪ್ಪಾದಂತೆ ವೋಲ್ಟೇಜ್ ತಡೆಯುವ ಬಲ ಕುಗ್ಗುತ್ತದೆ. ಈ ಭಟ್ಟಿಯ ಹದವೇ ಅರ್ಧ ಸಂಶೋಧನೆ ಅಂತ ನನ್ನ ಅಭಿಪ್ರಾಯ.

ಉಳಿದರ್ಧ, ಹಾಕಿದ್ದು ವಾಪಸ್ ಬರಬೇಕು ಅನ್ನೋದು. ಬೇರಿಯಂ ಟೈಟನೇಟಿನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಹೋಗತೈತಿ. ಬಿಸ್ಮತ್‌ನಂಥ ಧಾತುಗಳನ್ನು ಬೆರೆಸಿ ಒಳಗಿನ ಧ್ರುವಗಳ ದೊಡ್ಡ ಗುಂಪುಗಳನ್ನು ಒಡೆದರೆ ಈ ನಷ್ಟ ಇಳಿಯುತ್ತದೆ. ಇಂಥವಕ್ಕೆ ರಿಲ್ಯಾಕ್ಸರ್ ಅಂತಾರ.

ನಮ್ಮ ರಾಜ್ಯದಾಗೂ ಇದರ ಹತ್ತಿರದ ಕೆಲಸ ಆಗೇತಿ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ ಕ್ಯಾಲ್ಸಿಯಂ ಕಾಪರ್ ಟೈಟನೇಟ್ ಎಂಬ ಸೆರಾಮಿಕ್ ಪುಡಿಯನ್ನು ಪ್ಲಾಸ್ಟಿಕ್ಕಿನೊಳಗ ಕಲಸಿ ನೋಡಿದರು. 2010ರ ಸುಮಾರಿಗೆ ಪ್ರಕಟವಾದ ಕೆಲಸ. ಸ್ಥಿರಾಂಕ ಹಲವು ಪಟ್ಟು ಏರಿತು. ಆದರೆ ಇಂಥ ಮಿಶ್ರಣದಾಗ ಪುಡಿ ಹೆಚ್ಚಾದಂಗೆಲ್ಲ ವೋಲ್ಟೇಜ್ ತಡೆಯೋ ಬಲ ಇಳೀತೈತಿ. ಮತ್ತ ಅದೇ ಜಗಳ.

ಸೀಸ ಹಾಕಿದ ಸೆರಾಮಿಕ್‌ಗಳು ಚಲೋ ಕೆಲಸ ಮಾಡ್ತಾವು ಖರೆ. ಭಟ್ಟಿಯೊಳಗ ಸೀಸ ಆವಿಯಾಗಿ ಅಲ್ಲಿ ದುಡಿಯೋರ ಉಸಿರಿಗೆ ಸೇರತೈತಿ. ಅದಕ್ಕ ಈಗ ಜಗತ್ತಿನ ಪ್ರಯೋಗಾಲಯಗಳು ಸೋಡಿಯಂ ನಯೋಬೇಟ್‌ನಂಥ ಸೀಸವಿಲ್ಲದ ದಾರಿ ಹಿಡಿದಾವ.